ಮಾವನ ‘ಹೋಯ್’ಗೆ ಒಂದು ಕೋಡೆಕ್

ನಮ್ಮ ಕಡೆ ನಾನು ಅಣಕಿಸದ ಗಂಟಲು ಇಲ್ಲ. ಬೆಳ್ಳಾರೆ ಬಸ್ಸಿನ ಕಂಡಕ್ಟರ್‌ನಿಂದ ಹಿಡಿದು ಪುತ್ತೂರಿನಲ್ಲಿ ನನ್ನ ಹಲ್ಲು ಕಿತ್ತ ಡಾಕ್ಟರರವರೆಗೆ ಎಲ್ಲರೂ ನನ್ನ ನಾಲಗೆಯ ಮೇಲೆ ಬಿಡಾರ ಹೂಡಿದ್ದಾರೆ. ನನ್ನ ಸ್ವಂತ ಸ್ವರ ಯಾವುದು ಅಂತ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕು. ಹಾಗಾಗಿ ನೆಲ್ಯಾಡಿಯ ಅತ್ತೆ ಫೋನ್ ಮಾಡಿ, “ನಿನ್ನ ಮಾವನ ಸ್ವರದ್ದೊಂದು ರಿಂಗ್‌ಟೋನ್ ಆಗಬೇಕಲ್ಲ” ಅಂದಾಗ, ಎರಡು ನಿಮಿಷದ ಕೆಲಸ ಅಂದುಕೊಂಡೆ.

ಮಾವನಿಗೆ ಗಂಟಲಿನ ಆಪರೇಶನ್ ಆಗಿತ್ತು. ಜೀವ ಉಳಿಯಿತು, ಸ್ವರ ಹೋಯಿತು. ಗುಡ್ಡೆಯ ರಬ್ಬರ್ ತೋಟದಿಂದ ಏನು ಬೇಕಾದರೂ ಅತ್ತೆಗೆ ಬರೀ ರಿಂಗ್ ಕೊಡಬೇಕು. ಅತ್ತೆಗೋ, ಫೋನಿನಲ್ಲಿ ಬರುವ ಹಾಡೆಲ್ಲ ಟಿವಿಯ ಜಾಹೀರಾತಿನ ಹಾಗೇ ಕೇಳುವುದು, ಎದ್ದು ನೋಡುವುದಿಲ್ಲ. ಒಮ್ಮೆ ಮಾವ ಕಾಲು ಉಳುಕಿಸಿಕೊಂಡು ಮರದ ಬುಡದಲ್ಲಿ ಕೂತು ರಿಂಗ್ ಕೊಟ್ಟದ್ದೇ ಕೊಟ್ಟದ್ದು. ಅತ್ತೆ ಇತ್ತ ಹಲಸಿನ ಹಪ್ಪಳ ಒತ್ತಿದ್ದೇ ಒತ್ತಿದ್ದು. ಆಮೇಲೆ ಮಾವನನ್ನು ಅತ್ತೆ ತೋಟಕ್ಕೆ ಒಬ್ಬರನ್ನೇ ಬಿಡಲಿಲ್ಲ. ಹೊರಟರೆ ಹಿಂದೆಯೇ ಹೊರಡುತ್ತಿದ್ದರು. ಮಾವನ ಮುಖ ಮೊದಲ ದಿನ ಅಂಗನವಾಡಿಗೆ ಹೊರಟ ಮಗುವಿನ ಹಾಗೆ ಆಗಿತ್ತು.

ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ. ಜಗಲಿಯಲ್ಲಿ ಕೂತು ಮಾವನ ಹಳೆಯ ಸ್ವರದಲ್ಲಿ ಕೂಗಿದೆ: “ಹೋಯ್, ಎಲ್ಲಿದ್ದಿ? ಒಮ್ಮೆ ಬಾ ಮಾರಾಯ್ತಿ!” ಮಾವ ಚಪ್ಪಾಳೆ ತಟ್ಟಿದರು. ಅತ್ತೆ ತಟ್ಟಲಿಲ್ಲ.

“ಇದು ಬೇಡ ಮಾರಾಯ. ಇವರು ‘ಬಾ’ ಹೇಳುವಾಗ ನಾನು ಬರಬೇಕೂಂತ ಇರ್ತದೆ. ನೀನು ಹೇಳುವಾಗ ಚಪ್ಪಾಳೆ ಬೇಕೂಂತ ಇರ್ತದೆ.”

ಇಷ್ಟು ಸರಿಯಾದ ವಿಮರ್ಶೆ ನನಗೆ ಯಾವ ಸ್ಟೇಜಿನಲ್ಲೂ ಸಿಕ್ಕಿಲ್ಲ.

ಅತ್ತೆ ಕಪಾಟಿನಿಂದ ಹಳೆಯ ಬಟನ್ ಫೋನ್ ತಂದರು. ಯಾವತ್ತೋ ಕೈತಪ್ಪಿ ಒತ್ತಿ ರೆಕಾರ್ಡ್ ಆದ ಮಾವನ ಕೂಗು ಅದರಲ್ಲಿತ್ತು. ಅದೇ ಮಾತು, ಹಿಂದಿನಿಂದ ಒಂದು ಕೋಳಿಯ ಬೆಂಬಲ ಬೇರೆ. ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ತೆಗೆದುಕೊಂಡೆ. ನನ್ನ ರಿಂಗ್‌ಟೋನ್ ಸಾಫ್ಟ್‌ವೇರ್ ಅದನ್ನು ತೆರೆಯಲು ಒಪ್ಪಲಿಲ್ಲ. ಹೊರಗಿನ ಕೋಡೆಕ್ ಬೇಕಂತೆ.

“ಕೋಡೆಯಾ? ನಿನ್ನೆ ಎಂತ ಆಯಿತು?” ಅಂದರು ಅತ್ತೆ. ತುಳುವಿನಲ್ಲಿ ಕೋಡೆ ಅಂದರೆ ನಿನ್ನೆ.

“ನಿನ್ನೆ ಅಲ್ಲ ಅತ್ತೆ, ಕೋಡೆಕ್. ದುಭಾಷಿ ಇದ್ದ ಹಾಗೆ. ಹಳೆ ಫೋನಿನ ಭಾಷೆ ಇದಕ್ಕೆ ಬರುದಿಲ್ಲ.”

“ಅಯ್ಯೋ, ಒಂದೇ ಭಾಷೆ ಇಟ್ಟುಕೊಂಡು ಇದು ಬದುಕುದು ಹೇಗೆ?”

ಪಕ್ಕದ ಮನೆಯವರೊಡನೆ ಮಲಯಾಳದಲ್ಲಿ ಕುಶಲ, ಅಂಗಡಿಯವನೊಡನೆ ತುಳುವಿನಲ್ಲಿ ಚೌಕಾಶಿ, ನನಗೆ ಕನ್ನಡದಲ್ಲಿ ಉಪದೇಶ ಮಾಡುವವರು ಅವರು. ಕೇಳಿದ್ದು ನ್ಯಾಯವೇ.

ಕೋಡೆಕ್ ಇಳಿಸಿಕೊಂಡೆ. ನಗೆಚಾಟಿಕೆಗೆ ಒಂದು ಹೊಸ ಫೋಲ್ಡರ್ ಮಾಡಿ, ಕನ್ನಡ ಅಕ್ಷರದಲ್ಲೇ ‘ಕೋಡೆ’ ಅಂತ ಹೆಸರಿಟ್ಟು ಅದರೊಳಗೆ ಹಾಕಿದೆ. ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ ಆ ಜಾಗ ತೋರಿಸಿದೆ. ಕೋಡೆಕ್ ಸಿಗಲಿಲ್ಲ ಅಂದಿತು. ಮತ್ತೆ ಇಳಿಸಿದೆ. ಸಿಗಲಿಲ್ಲ. ನೆಟ್‌ವರ್ಕಿಗೆ ಬೈದೆ, ಲ್ಯಾಪ್‌ಟಾಪಿಗೆ ಬೈದೆ. ಮಾವ ನನ್ನ ಬೆನ್ನು ತಟ್ಟಿ, ಇರಲಿ ಬಿಡು ಅಂತ ಕೈಸನ್ನೆ ಮಾಡಿ, ಚಪ್ಪಲಿ ಹಾಕಿ ಅಂಗಳಕ್ಕೆ ಇಳಿದರು. ಅತ್ತೆಯೂ ಒಲೆ ಆರಿಸಿ ಹೊರಟರು.

ಆಗ ಪರದೆಯ ಮೇಲಿನ ದೂರನ್ನು ಮೊದಲ ಸಲ ಪೂರ್ತಿ ಓದಿದೆ. ಫೋಲ್ಡರಿನ ಹೆಸರಿರಬೇಕಾದಲ್ಲಿ ನಾಲ್ಕು ಪ್ರಶ್ನೆ ಚಿಹ್ನೆ! ಸಾಫ್ಟ್‌ವೇರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಊರಿನವರನ್ನೆಲ್ಲ ತಮಾಷೆ ಮಾಡುವ ನನ್ನನ್ನು ನನ್ನ ತಮಾಷೆಯೇ ಅರ್ಧ ದಿನ ಕುಣಿಸಿತ್ತು. ಹೆಸರನ್ನು ಇಂಗ್ಲಿಷಿನಲ್ಲಿ ಬರೆದೆ. ಫೈಲು ತೆರೆಯಿತು.

“ಒಂದೈದು ನಿಮಿಷ ನಿಲ್ಲಿ ಮಾರಾಯ್ರೆ!” ಅಂತ ಕೂಗಿದೆ. ಕೂಗಿದ್ದು ನನ್ನ ಸ್ವಂತ ಸ್ವರದಲ್ಲೇ ಇರಬೇಕು. ಇಬ್ಬರೂ ನಿಂತರು.

ಮಾವನ ಕೂಗನ್ನು ಕತ್ತರಿಸಿ, ಅತ್ತೆಯ ಫೋನಿನಲ್ಲಿ ಮಾವನ ನಂಬರಿಗೆ ಕೂರಿಸಿದೆ. ಅತ್ತೆ ಅಡುಗೆಮನೆಗೆ ಹೋದ ಮೇಲೆ ಮಾವನಿಗೆ ಕಣ್ಣು ಮಿಟುಕಿಸಿದೆ. ಅವರು ಜಗಲಿಯಲ್ಲೇ ಕೂತು ರಿಂಗ್ ಕೊಟ್ಟರು.

“ಹೋಯ್, ಎಲ್ಲಿದ್ದಿ?”

“ಬಂದೇ!” ಸೌಟು ಬಿದ್ದ ಸದ್ದು. ಅತ್ತೆ ಹಿಂಬಾಗಿಲಿನಿಂದ ಓಡಿ ಅರ್ಧ ಗುಡ್ಡೆ ಹತ್ತಿಬಿಟ್ಟಿದ್ದರು. ಕರೆದು ತರಬೇಕಾಯಿತು. ಏದುಸಿರು ಬಿಡುತ್ತಾ ಬಂದವರು, ಫೋನ್ ಹಿಡಿದು ಕೂತ ಮಾವನನ್ನು ಕಂಡರು.

“ಮನೆಯಲ್ಲೇ ಕೂತು ಕರೆಯುದಾ? ನಿಮಗೆ ಎಂತ, ಬುದ್ಧಿ ಇಲ್ವಾ?”

ಆಪರೇಶನ್ ಆದ ಮೇಲೆ ಅವರು ಮಾವನಿಗೆ ಬೈದದ್ದು ಅದೇ ಮೊದಲು. ಮಾವ ಸದ್ದಿಲ್ಲದೆ ಹೊಟ್ಟೆ ಹಿಡಿದು ನಕ್ಕರು. ಊಟ ಮುಗಿಸಿ ಅವರು ಕತ್ತಿ ತೆಗೆದುಕೊಂಡು ತೋಟಕ್ಕೆ ಹೊರಟಾಗ ಅತ್ತೆ ತಲೆ ಎತ್ತಿ ನೋಡಿದರು, ಮತ್ತೆ ಹಪ್ಪಳ ಒತ್ತಲು ಕೂತರು.