ಇಸ್ತ್ರಿಯವನ ಸಾಕ್ಷಿ

ಮೂವತ್ತು ವರ್ಷ ಒಂದೇ ಬೀದಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಊರವರ ಬಟ್ಟೆಗೆ ಇಸ್ತ್ರಿ ಹಾಕಿದ ಮನುಷ್ಯ ಆತ. ಆತನ ಹೊಟ್ಟೆಯ ಮೇಲೆ ಹೊಡೆದವನು ನಾನು. ತೆರಿಗೆ ನ್ಯಾಯಮಂಡಳಿಯಲ್ಲಿ ಕೂತು, ಯಾರ ಮಾತು ನಿಜ, ಯಾರದು ಸುಳ್ಳು ಎಂದು ತೂಗುವುದೇ ಆಗ ನನ್ನ ಕೆಲಸ. ನನ್ನನ್ನು ಯಾರೂ ಏಮಾರಿಸಲಾರರು ಎಂಬ ಜಂಬ ಬೇರೆ.

ಅಂಗಡಿಯವನೊಬ್ಬನ ಮನೆಯ ಅಟ್ಟದಲ್ಲಿ ಟ್ರಂಕಿನ ತುಂಬ ನೋಟು ಸಿಕ್ಕಿತ್ತು. ತೀರಿಕೊಂಡ ತಾಯಿ ಮನೆಪಾಠ ಹೇಳಿ ಕೂಡಿಟ್ಟದ್ದು ಎಂದು ಅವನ ವಾದ. ಹಾಗೆ ಕೂಡಿಟ್ಟ ನೋಟು ಇಷ್ಟು ಗರಿಗರಿ ಇರುವುದುಂಟೇ, ಇದು ಮುಚ್ಚಿಟ್ಟ ವ್ಯಾಪಾರದ ಹಣ ಎಂದು ಇಲಾಖೆ. ಅಂಗಡಿಯವನಿಗಿದ್ದ ಒಬ್ಬನೇ ಸಾಕ್ಷಿ ಈ ಇಸ್ತ್ರಿಯವನು.

"ಟೀಚರಮ್ಮ ತಿಂಗಳಾ ತಿಂಗಳಾ ಬಟ್ಟೆ ಜೊತೆ ಮುದುರಿದ ನೋಟೂ ತರ್ತಿದ್ರು ಸ್ವಾಮಿ. ಇಸ್ತ್ರಿ ಮಾಡಿ ಕೊಡ್ತಿದ್ದೆ."

"ನೋಟಿಗೆ ಇಸ್ತ್ರಿನಾ? ಅದಕ್ಕೆಷ್ಟು ಕೂಲಿ?" ಎಂದೆ.

"ಅದಕ್ಕೆಲ್ಲ ಕಾಸು ತಗೊಳ್ಳಲ್ಲ ಸ್ವಾಮಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಕಿವಿಗೇ ಹೂವಿಡಲು ಬಂದಿದ್ದಾನಲ್ಲ ಎನಿಸಿತು. ಹೇಳಿಕೊಟ್ಟದ್ದನ್ನು ಒಪ್ಪಿಸಿದ ಸುಳ್ಳುಸಾಕ್ಷಿ ಎಂದು ತೀರ್ಪಿನಲ್ಲಿ ಬರೆದೆ. ಅದು ಪತ್ರಿಕೆಯಲ್ಲೂ ಬಂತು.

ನಿವೃತ್ತನಾದ ಮೇಲೆ ಒಂದು ದಿನ ಹೆಂಡತಿ, ನಮ್ಮ ಬೀದಿಯ ಇಸ್ತ್ರಿಯವಳು ಕಳಿಸಿದ ಬಟ್ಟೆಯ ಗಂಟು ಬಿಚ್ಚುತ್ತ, "ಜೇಬು ನೋಡದೆ ಹಾಕ್ತೀರಲ್ರೀ, ಎಷ್ಟು ಸಲ ಹೇಳೋದು" ಎಂದು ಕಾಗದದ ಪೊಟ್ಟಣವೊಂದನ್ನು ಕೈಗಿಟ್ಟಳು. ಒಳಗೆ ಒಂದು ಔಷಧಿ ಚೀಟಿ, ಎರಡು ನೋಟು. ಮೂರೂ ಗರಿಗರಿ.

"ಇದಕ್ಕೂ ಇಸ್ತ್ರಿ ಮಾಡಿದ್ದಾಳಾ?"

"ಜೇಬಲ್ಲಿ ಸಿಕ್ಕಿದ್ದನ್ನೂ ಒಂದು ಸಲ ಉಜ್ಜಿ ಕೊಡೋದು ಅವರ ಪದ್ಧತಿ. ಇಷ್ಟು ವರ್ಷ ಗೊತ್ತೇ ಇರ್ಲಿಲ್ವಾ?"

"ಕಾಸು?"

"ಅದಕ್ಕ್ಯಾರು ಕಾಸು ತಗೋತಾರೆ?"

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಇಡೀ ಜನ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟವನು, ಮಾಡಿದವರ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ.

ಮರುದಿನವೇ ಆ ಸಾಕ್ಷಿಯನ್ನು ಹುಡುಕಿಕೊಂಡು ಆತನ ಬೀದಿಗೆ ಹೋದೆ. ಅಂಗಡಿಯವನು ದಂಡ ಕಟ್ಟಿ ಮತ್ತೆ ವ್ಯಾಪಾರಕ್ಕೆ ಕೂತಿದ್ದ. ಮೂಲೆಯಲ್ಲಿ ಮೇಜು ಮಾತ್ರ ಇರಲಿಲ್ಲ. ಸುಳ್ಳುಗಾರನ ಕೈಗೆ ಬಟ್ಟೆ ಕೊಡುವುದು ಹೇಗೆಂದು ಒಂದೊಂದೇ ಮನೆ ಆತನನ್ನು ಬಿಟ್ಟಿತಂತೆ. ಎದುರಿನ ದರ್ಜಿ ಹೇಳಿದ. ಕೊನೆಗೆ ಆತ ಸಿಕ್ಕಿದ್ದು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ, ಹಾಸಿಗೆ ಬಟ್ಟೆ ಮಡಚುತ್ತ. ನೋಡಿದ ಕೂಡಲೇ ಗುರುತು ಹಿಡಿದ.

"ನೀವು ಹೇಳಿದ್ದು ನಿಜ. ತಪ್ಪಿದ್ದು ನಾನು," ಎಂದೆ.

ಆತ ಮಡಚುವುದನ್ನು ನಿಲ್ಲಿಸಿದ. "ಹಾಗಾದ್ರೆ ತೀರ್ಪಲ್ಲಿ ಬರೆದಿರೋದನ್ನ ಅಳಿಸ್ತೀರಾ ಸ್ವಾಮಿ?"

"ಆ ಅಧಿಕಾರ ಈಗ ನನಗಿಲ್ಲ. ಆದ್ರೆ ನಿಮ್ಮ ಬೀದಿಗೆ ಬಂದು, ಮನೆಮನೆಗೂ ಬಾಯಿಬಿಟ್ಟು ಹೇಳ್ತೀನಿ."

ಆತ ಇನ್ನೊಂದು ಬಟ್ಟೆ ಎತ್ತಿಕೊಂಡ.

"ಬಾಯಿಬಿಟ್ಟು ನಾನೂ ಹೇಳಿದ್ದೆ ಸ್ವಾಮಿ."