ಶೋಶಮ್ಮನ ಮನೆಗೆ ಬರಬೇಕಾದ ಅಪ್ಪ

ಸಾವಾದ ಮನೆಯಲ್ಲಿ ಆ ವರ್ಷ ಪೆಸಹಾ ಅಪ್ಪ, ಅಂದರೆ ಯೇಸುವಿನ ಕಡೇ ಊಟದ ನೆನಪಿಗೆ ಮನೆಯ ಹಿರಿಯ ಗಂಡಸು ಮುರಿದು ಹಂಚುವ ಅಕ್ಕಿ ರೊಟ್ಟಿ, ಬೇಯಿಸುವಂತಿಲ್ಲ. ಪೆಸಹಾ ಗುರುವಾರ ಸಂಜೆ ಊರಿನವರೇ ತಂದು ಕೊಡಬೇಕು, ಅದು ನಮ್ಮ ಕಡೆಯ ಕಟ್ಟಳೆ. ನಮ್ಮ ಇಗರ್ಜಿಯ ಒಕ್ಕಲಲ್ಲಿ ಆ ಕೆಲಸ ಯಾರೂ ಹೇಳದೆಯೇ ಶೋಶಮ್ಮನದಾಗಿತ್ತು. ಗಂಡ ಸತ್ತ ಮೇಲೆ ರಬ್ಬರ್ ಮರ ಗೀರಿ ಹಾಲು ತೆಗೆದೇ ಬದುಕಿದವಳು. ಬೆಳಗಿನ ಜಾವ ತೋಟಕ್ಕೆ ಹೋಗಿ ಬಂದು, ಆ ಹಾಲನ್ನು ಹಾಳೆಯಾಗಿ ಒತ್ತಿ ಒಣಹಾಕಿ, ಆಮೇಲೆ ಅಕ್ಕಿ ಉದ್ದು ರುಬ್ಬಲು ಕೂರುತ್ತಿದ್ದಳು. ಕುಡಿದೇ ಸತ್ತ ಪೈಲಿಯ ಮನೆಗೂ ಅಪ್ಪ ಹೊತ್ತುಕೊಂಡು ಹೊರಟಾಗ ಹೆಂಗಸರು ಮೂಗು ಮುರಿದರು.

"ಸಾವು ಅಂದ್ರೆ ಸಾವು ಕಣ್ರೇ. ಕುಡುಕರ ಸಾವು ಅಂತ ಬೇರೆ ಇದೆಯಾ?" ಅಂದಳು ಶೋಶಮ್ಮ.

ಕಳೆದ ಮಳೆಗಾಲದಲ್ಲಿ ಅವಳ ಒಬ್ಬನೇ ಮಗ ರೋಯಿ ತನ್ನ ಜೀವ ತಾನೇ ತೆಗೆದುಕೊಂಡ. ಯಾಕೆ ಅಂತ ನನಗೆ ಗೊತ್ತಿಲ್ಲ. ಗೊತ್ತಿದೆ ಅನ್ನುವವರಿಗೂ ಗೊತ್ತಿಲ್ಲ, ಸುಮ್ಮನೆ ಬಾಯಿ ಬಡಿದುಕೊಳ್ಳುತ್ತಾರೆ. ಪಾದ್ರಿ ಅಚ್ಚ ಪ್ರಾರ್ಥನೆಯನ್ನೇನೋ ಹೇಳಿದರು. ಆದರೆ ಇಗರ್ಜಿಯ ಮೊಕ್ತೇಸರ, ಊರ ಶಾಲೆಯ ಹಳೇ ಮೇಷ್ಟ್ರು ಔಸೇಪ್ ಮಾಷ್ ಹೂಳಲು ಜಾಗ ತೋರಿಸಿದ್ದು ಗೋಡೆ ಪಕ್ಕದ ಮೂಲೆಯಲ್ಲಿ. ಹಿಂದೆ ಕೆಟ್ಟು ಹೋದವರನ್ನು ಹೂಳುತ್ತಿದ್ದ ಮೂಲೆ ಅದು.

ಪೆಸಹಾಕ್ಕೆ ಮುಂಚಿನ ಉಪವಾಸದ ದಿನಗಳು ಶುರುವಾದಾಗ ನನ್ನ ಹತ್ತಿರ ಒಂದೇ ಮಾತು ಕೇಳಿದಳು. "ಏಲಿ, ಈ ಸಲ ನಮ್ಮ ಮನೆಗೆ ಅಪ್ಪ ಬರುತ್ತಾ?"

"ಪಕ್ಕದಲ್ಲೇ ಇದೀನಿ, ನಾನು ತರಲ್ವಾ ಚೇಚಿ?"

"ನೀನು ಪ್ರೀತಿಗೆ ತರ್ತೀಯ. ಊರು ತರಬೇಕು ಕಣೇ. ಊರು ತಂದ್ರೆ ನನ್ನ ಮಗನೂ ಎಲ್ಲರ ಹಾಗೆ ಸತ್ತ ಅಂತ ಅರ್ಥ."

ಪೆಸಹಾಕ್ಕೆ ನಾಲ್ಕು ದಿನ ಮುಂಚೆ, ಗರಿಗಳ ಭಾನುವಾರ, ಯುವಕರ ಸಂಘದವರು ಇಗರ್ಜಿಯ ಹಾಲ್‌ನಲ್ಲಿ 'ಯೂದನ ವಿಚಾರಣೆ' ಇಟ್ಟರು. ಯೇಸುವನ್ನು ಹಿಡಿದುಕೊಟ್ಟು, ಆಮೇಲೆ ತಾನೇ ಪ್ರಾಣ ಕಳೆದುಕೊಂಡ ಯೂದ. ಕಟಕಟೆ, ಕಪ್ಪು ಕೋಟು, ಸುತ್ತಿಗೆ ಎಲ್ಲ ಬಂದವು. ಔಸೇಪ್ ಮಾಷೇ ಜಡ್ಜು.

ಕಾನೂನು ಓದುವ ಹುಡುಗಿಯೊಬ್ಬಳು ಎದ್ದು ನಿಂತಳು. "ಪೇತ್ರನೂ ಯೇಸು ಯಾರೋ ಗೊತ್ತಿಲ್ಲ ಅಂದು ತಪ್ಪು ಮಾಡಿದ, ಆಮೇಲೆ ಅತ್ತ, ಕ್ಷಮೆ ಸಿಕ್ತು. ಇವನೂ ಕಾಯಬಹುದಿತ್ತು. ತನ್ನ ಜೀವ ತಾನೇ ತೆಗೆದುಕೊಂಡವನಿಗೆ ದೇವರ ಮನೆಯಲ್ಲಿ ಜಾಗ ಎಲ್ಲಿದೆ, ಸ್ವಾಮಿ?"

ಚಪ್ಪಾಳೆ ಬಿತ್ತು. ಯೂದನ ಪರ ನಿಂತ ಹುಡುಗ ಮಾತು ಮರೆತು ತಲೆ ಕೆರೆದುಕೊಂಡ, ಜನ ನಕ್ಕರು. ಮಾಷ್ ಸುತ್ತಿಗೆ ಕುಟ್ಟಿ, "ಇವನಿಗೆ ಕ್ಷಮೆ ಇಲ್ಲ ಅನ್ನೋರು ಕೈ ಎತ್ತಿ" ಅಂದರು.

ಅಯ್ಯೋ ದೇವರೇ, ಹಾಲ್ ಪೂರ್ತಿ ಕೈಗಳು! ಬಾಗಿಲಲ್ಲಿ ಕಾಫಿ ಹಂಡೆ ಹಿಡಿದು ನಿಂತಿದ್ದ ನಾನು ಹಂಡೆಯನ್ನು ನೆಲಕ್ಕೆ ಕುಕ್ಕಿದೆ. ಎಂದೋ ಸತ್ತವನನ್ನು ವಿಚಾರಣೆಗೆ ಕರೆದರೆ ಅವನು ಬಂದು ನಿಲ್ಲುತ್ತಾನಾ? ಅವನ ಬದಲು ಕಟಕಟೆಯಲ್ಲಿ ನಮ್ಮ ನಡುವಿನವರೇ ಯಾರೋ ನಿಲ್ಲಬೇಕಾಗುತ್ತದೆ. ಅಷ್ಟೂ ತಿಳಿಯಲಿಲ್ಲ ಈ ಓದಿದವರಿಗೆ, ಓದದವರಿಗೂ.

"ಕ್ಷಮೆ ಇದೆ ಅನ್ನೋರು?"

ಒಂದೇ ಕೈ ಮೇಲೆದ್ದಿತು. ಬೆರಳುಗಳಲ್ಲಿ ರಬ್ಬರ್ ಹಾಲಿನ ಕಲೆ. ಆಗ ಯಾರೂ ನಗಲಿಲ್ಲ. ಮಾಷ್ ಕನ್ನಡಕ ತೆಗೆದು ಒರೆಸಿಕೊಂಡರು, ತೀರ್ಪು ಓದದೆ ಎದ್ದು ಹೋದರು.

ಪೆಸಹಾ ಗುರುವಾರ ಸಂಜೆ ನಾನು ಶೋಶಮ್ಮನ ಜಗಲಿಯಲ್ಲಿ ಕೂತಿದ್ದೆ. ಸುತ್ತಲ ಮನೆಗಳಿಂದ ಪ್ರಾರ್ಥನೆ ಕೇಳುತ್ತಿತ್ತು. ದಾರಿಯಲ್ಲಿ ಯಾರೂ ಕಾಣಲಿಲ್ಲ.

"ಬರಲ್ಲ ಬಿಡು. ಅವತ್ತೇ ಕೈ ಎತ್ತಿ ಹೇಳಿಬಿಟ್ರಲ್ಲ" ಅಂದಳು. ಹೇಳಿ ಅತ್ತುಬಿಟ್ಟಳು. ಮಗನನ್ನು ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಔಸೇಪ್ ಮಾಷ್ ಬಂದರು, ಒಬ್ಬರೇ. ಕೈಯಲ್ಲಿ ಬಾಳೆ ಎಲೆ ಮುಚ್ಚಿದ ಅಪ್ಪ, ಬೆಲ್ಲ ಹಾಕಿದ ತೆಂಗಿನಹಾಲಿನ ಪಾತ್ರೆ.

"ಶೋಶಮ್ಮಾ, ಭಾನುವಾರದ್ದು ಬರೀ ನಾಟಕ. ಅದು ಯೂದನ ಬಗ್ಗೆ ಆಡಿದ ಮಾತು, ನಿನ್ನ ಮಗನ ಬಗ್ಗೆ ಅಲ್ಲ."

ಶೋಶಮ್ಮ ಕಣ್ಣೊರೆಸಿಕೊಂಡಳು. "ಕಡೇ ಊಟದಲ್ಲಿ ಯೇಸು ಯೂದನಿಗೂ ರೊಟ್ಟಿ ಕೊಟ್ಟ, ಮಾಷೇ. ಭಾನುವಾರ ಅದನ್ನ ಯಾರೂ ಹೇಳಲಿಲ್ಲ."

ಮಾಷ್ ಎಲೆ ಮುಚ್ಚಿದ ಅಪ್ಪವನ್ನು ಅವಳತ್ತ ಚಾಚಿದರು.

"ಒಳಗೆ ಬನ್ನಿ. ಅಪ್ಪ ಮುರಿಯೋಕೆ ಈ ಮನೆಯಲ್ಲಿ ಗಂಡಸರಿಲ್ಲ. ನೀವೇ ಮುರೀರಿ."

ಅಪ್ಪ ಹಂಚುವಾಗ ಒಬ್ಬೊಬ್ಬರ ಹೆಸರು ಕರೆದು ಕೊಡುವುದು ನಮ್ಮ ರೂಢಿ. "ಶೋಶಮ್ಮ" ಅಂತ ಕೊಟ್ಟರು. "ಏಲಿ" ಅಂತ ನನಗೆ ಕೊಟ್ಟರು. ಅವಳು ತನ್ನ ತುಂಡನ್ನು ತಟ್ಟೆಯಲ್ಲಿಟ್ಟು ಮತ್ತೆ ಕೈ ಚಾಚಿದಳು.

"ಇನ್ನೊಬ್ಬ ಇದಾನೆ, ಮಾಷೇ. ಹೆಸರು ಕರೀರಿ."

ಊರಿನ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಅವರೇ ಹಾಜರಿ ಕೂಗಿದ ಹೆಸರು ಅದು. ಮಾಷ್ ಇನ್ನೊಂದು ತುಂಡು ಮುರಿದರು. ಮೆಲ್ಲಗೆ, "ರೋಯಿ" ಅಂದರು.

"ಹಾಜರ್, ಮಾಷೇ" ಅಂದಳು ಅವನ ತಾಯಿ, ಎರಡೂ ಕೈಯೊಡ್ಡಿ.