ತಾಯಿಯ ಕಡೆಯಿಂದ ಮಾತ್ರ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಸಿಂಗಾಪುರದ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೆ. ಅಲ್ಲಿನ ಮುಖ್ಯಸ್ಥರು ಇಂಗ್ಲೆಂಡಿನವರು. ಅವರ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಇಂದಿನ ಬ್ರಿಟನ್ನಿನ ಜನ ಹಿಮಯುಗದ ಹಿಮ ಕರಗಿದ ಮೇಲೆ ಜಿಂಕೆಗಳ ಬೆನ್ನುಹತ್ತಿ ಬಂದ ಬೇಟೆಗಾರರ ಮಕ್ಕಳೋ, ಅಥವಾ ಸಾವಿರಾರು ವರ್ಷ ತಡವಾಗಿ ಬಿತ್ತನೆಯ ಗೋಧಿ ಹೊತ್ತು ಪೂರ್ವದಿಂದ ಬಂದ ರೈತರ ಮಕ್ಕಳೋ? ಅವರ ಸ್ನೇಹಿತರು ಬ್ರಿಟನ್ನಿನ ಹಳ್ಳಿಗಳಲ್ಲಿ ಮಾದರಿ ಸಂಗ್ರಹಿಸುತ್ತಿದ್ದರು; ಸಿಂಗಾಪುರದಲ್ಲಿ ನೆಲೆಸಿದ್ದ ಬ್ರಿಟಿಷರದು ಇವರ ಪಾಲು.

ಕೆಲಸ ಸರಳ. ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಭಾಗ ಉಜ್ಜಬೇಕು, ಅದರಲ್ಲಿ ಅಂಟಿದ ಕೋಶಗಳಿಂದ ಡಿಎನ್ಎ ತೆಗೆಯಬೇಕು. ನಾವು ಓದುತ್ತಿದ್ದದ್ದು ತಾಯಿಯಿಂದ ಮಾತ್ರ ಬರುವ ಭಾಗವನ್ನು. ತಂದೆ ಯಾರೇ ಇರಲಿ, ಅದು ತಾಯಿಯದು, ತಾಯಿಯ ತಾಯಿಯದು, ಅವಳ ತಾಯಿಯದು.

ಕೆಲಸ ಮಾಡುವ ನಮ್ಮ ಚರ್ಮದ ಒಂದು ಚೂರು ಕೊಳವೆಗೆ ಬಿದ್ದರೂ ಯಂತ್ರ ನಮ್ಮನ್ನೇ ಓದಿಬಿಡುತ್ತದೆ. ಆದ್ದರಿಂದ ಅಲ್ಲೊಂದು ನಿಯಮವಿತ್ತು: ಪ್ರತಿಯೊಬ್ಬರೂ ಮೊದಲು ತಮ್ಮ ಮಾದರಿ ಕೊಡಬೇಕು; ಅದರಲ್ಲಿ ಓದಿದ ಡಿಎನ್ಎ ಅಕ್ಷರಗಳ ಸಾಲನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕು. ಮುಖ್ಯಸ್ಥರದು ಅಲ್ಲಿತ್ತು. ನನ್ನ ಸಹೋದ್ಯೋಗಿ ಚೀನೀ ಹುಡುಗಿಯದೂ ಇತ್ತು. ನಾನು ಮಾತ್ರ ಮುಂದೂಡುತ್ತಲೇ ಇದ್ದೆ.

“ಬಾಯಿ ತೆಗೆಯೋದಷ್ಟೇ ಲಾ,” ಎಂದು ಅವಳು ಸಿಂಗಾಪುರದವರ ‘ಲಾ’ ಸೇರಿಸಿ ನಗುತ್ತಿದ್ದಳು. “ನೀನೇನು ಬ್ಯಾಂಕ್ ದರೋಡೆ ಮಾಡಿ ಬಂದಿದ್ದೀಯಾ?”

ನನ್ನ ಕಾರಣ ಬೇರೆ. ನಾನು ಬೂನ್ ಲೇಯಲ್ಲಿ ಉಡುಪಿ ಕಡೆಯ ಒಬ್ಬ ಆಂಟಿಯ ಫ್ಲ್ಯಾಟಿನಲ್ಲಿ ಒಂದು ಕೋಣೆಯಲ್ಲಿದ್ದೆ. ನಮ್ಮದೂ ಮೂಲತಃ ಕರಾವಳಿ, ಆದರೆ ಮೈಸೂರಿನಲ್ಲಿ ಬೆಳೆದ ನನ್ನ ತುಳು ತಡವರಿಸುತ್ತದೆ. ಅವರು ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಮೊದಲ ದಿನ ಚಪ್ಪಲಿ ಬಿಡುವ ಮುಂಚೆಯೇ ಕೇಳಿದ್ದರು, “ನಿಮ್ಮದು ಯಾವ ಬಳಿ?” ಬಳಿಯೆಂದರೆ ಗೋತ್ರದ ಹಾಗೆಯೇ, ಆದರೆ ಅದು ಬರುವುದು ತಾಯಿಯಿಂದ. ಹೇಳಿದೆ. ಅವರ ಮುಖ ಅರಳಿತು. “ಅಯ್ಯೋ, ನಮ್ಮದೇ ಉಂಟಲ್ಲ ಮಾರಾಯ್ತಿ! ಹಾಗಾದ್ರೆ ನಾನು ನಿಂಗೆ ಚಿಕ್ಕಮ್ಮ. ಆಂಟಿ ಗೀಂಟಿ ಅನ್ಬೇಡ.”

ನಾನು ಆಂಟಿ ಎಂದೇ ಕರೆಯುತ್ತಿದ್ದೆ. ನನ್ನ ಅಜ್ಜಿ, ಅಮ್ಮನ ಅಮ್ಮ, ಆ ಬಳಿಯ ಮನೆತನದಲ್ಲಿ ಹುಟ್ಟಿದವಳಲ್ಲ. ಆ ಮನೆಯಲ್ಲಿ ಹೆಣ್ಣುಮಕ್ಕಳಿರಲಿಲ್ಲ; ಹೆಣ್ಣಿಲ್ಲದಿದ್ದರೆ ಸಂತತಿ ನಿಲ್ಲುತ್ತದೆ. ಹಾಗಾಗಿ ಎಲ್ಲಿಂದಲೋ ಒಂದು ಹಸುಗೂಸನ್ನು ದತ್ತು ತಂದು, ಬಳಿ ಕೊಟ್ಟು, ಮನೆ ಮಗಳಾಗಿ ಬೆಳೆಸಿದರು. ನಮ್ಮ ಅಳಿಯಕಟ್ಟಿನ ಪ್ರಕಾರ ಅದರಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫ್ರಿಜ್ಜಿನ ಮೇಲಿನ ಅಕ್ಷರಗಳಿಂದ ಇದು ಯಾರಿಗೂ ತಿಳಿಯಲಾರದೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಅದೇ ಬಳಿಯ ಇನ್ನೊಬ್ಬರ ಸಾಲು ಪಕ್ಕಕ್ಕೆ ಬರಬೇಕು. ಗೊತ್ತಿದ್ದೂ ಮನಸ್ಸು ಒಪ್ಪಲಿಲ್ಲ.

ಹೀಗಿರುವಾಗ ಸೆಂಬವಾಂಗ್‌ನಿಂದ ಒಬ್ಬ ಇಂಗ್ಲಿಷ್ ಹೆಂಗಸು ಬಂದರು. ಅವರ ಗಂಡ ಹಡಗುಕಟ್ಟೆಯಲ್ಲಿ ಎಂಜಿನಿಯರ್. ಬ್ರಿಟಿಷ್ ನೌಕಾಪಡೆಯ ಕಾಲದ ಹಳೆಯ ಬಂಗಲೆಯೊಂದರಲ್ಲಿ ಅವರ ವಾಸ. ಅಮ್ಮನ ಕಡೆಯವರು ತಲೆತಲಾಂತರದಿಂದ ಒಂದೇ ಕಣಿವೆ ಬಿಟ್ಟು ಕದಲಿದವರಲ್ಲ, ತಮಗೆ ಬೇಟೆಗಾರರ ರಕ್ತವೇ ಸಿಗಬೇಕು ಎಂದು ಹೇಳಿಕೊಂಡರು. ನಾನು ಕಡ್ಡಿ ತೆಗೆಯುತ್ತಿದ್ದಾಗ ನನ್ನ ಜಡೆ ನೋಡಿ, “ನನ್ನ ಮುತ್ತಜ್ಜಿಗೂ ಹೀಗೇ ಕಪ್ಪು ಕೂದಲಿತ್ತಂತೆ. ಒಡೆದ ಹಡಗಿನಿಂದ ಈಜಿ ದಡ ಸೇರಿದ ಸ್ಪೇನಿನ ನಾವಿಕನ ಕಡೆಯಿಂದ ಬಂದದ್ದು ಅಂತ ಮನೆಯಲ್ಲಿ ಹೇಳುತ್ತಿದ್ದರು,” ಎಂದರು. ತುಂಬ ಸಲ ಹೇಳಿ ನುಣುಪಾದ ಮಾತು ಅದು. ಅಂಥ ಮಾತುಗಳ ಪರಿಚಯ ನನಗಿತ್ತು.

ಆ ಮಾದರಿಯ ಫಲಿತಾಂಶ ಬಂದಾಗ ಮುಖ್ಯಸ್ಥರು ಹಾಳೆ ಹಿಡಿದು ನೇರ ನನ್ನ ಮೇಜಿಗೇ ಬಂದರು. ಆ ಸಾಲು ಬ್ರಿಟನ್ನಿನದಾಗಿ ಕಾಣುತ್ತಿರಲಿಲ್ಲ. ಭಾರತದಲ್ಲಿ ಹೆಚ್ಚಾಗಿ ಕಾಣುವ ಬಗೆಯದಾಗಿತ್ತು.

“ಇದು ನಿಮ್ಮದೇ ಇರಬಹುದೇ?” ಎಂದರು. ದನಿ ಮೃದುವಾಗಿತ್ತು.

“ಬರೀ ನೀರು ಹಾಕಿದ ಕೊಳವೆ ಶುದ್ಧವಾಗಿಯೇ ಬಂದಿದೆ,” ಎಂದೆ. ಪ್ರತಿ ಸರದಿಯಲ್ಲೂ ಮಾದರಿಯಿಲ್ಲದ ಒಂದು ಕೊಳವೆ ಇಡುತ್ತೇವೆ. ಕೈತಪ್ಪು ಆಗಿದ್ದರೆ ಸಾಮಾನ್ಯವಾಗಿ ಅದರಲ್ಲೂ ಕಾಣಿಸಿಕೊಳ್ಳುತ್ತದೆ.

“ಹೌದು. ಆದರೂ ನಿಮ್ಮದು ಬಾಗಿಲ ಮೇಲಿಲ್ಲ.” ಹಾಳೆ ಮಡಿಸುತ್ತ, “ನಿಮ್ಮ ಕೆಲಸದ ಒಪ್ಪಂದ ಮುಂದುವರಿಸುವ ಕಾಗದಕ್ಕೆ ನಾನು ಸಹಿ ಹಾಕುವ ಮುಂಚೆ ಇದು ತಿಳಿಯಬೇಕು,” ಎಂದರು.

ಕೆಲಸ ಹೋದರೆ ಸಿಂಗಾಪುರದಲ್ಲಿರಲು ಕೊಟ್ಟ ಪಾಸೂ ಹೋಗುತ್ತಿತ್ತು, ಪಾಸು ಹೋದರೆ ಊರಿಗೆ. ಅದಕ್ಕಿಂತ ಹೆಚ್ಚಾಗಿ, ಕೊಳಕು ಕೈಯವಳೆಂಬ ಹೆಸರು ನನ್ನ ಜೊತೆಗೇ ವಿಮಾನ ಹತ್ತುತ್ತಿತ್ತು. ಆ ಹೆಂಗಸನ್ನು ಬಿಟ್ಟು ನನ್ನ ಮೇಲೇ ಅವರಿಗೆ ಅನುಮಾನ ಏಕೆ ಬಂತು? ಬಾಗಿಲ ಮೇಲೆ ನನ್ನ ಸಾಲು ಇಲ್ಲದ್ದಕ್ಕೋ, ಬಾಗಿಲ ಮುಂದೆ ನಿಂತ ನನ್ನ ಬಣ್ಣಕ್ಕೋ? ಇಷ್ಟು ದಿನ ಮಾದರಿ ಕೊಡದೆ ತಪ್ಪಿಸಿಕೊಂಡವಳ ಬಗ್ಗೆ ನಾನಾದರೂ ಏನು ಯೋಚಿಸುತ್ತಿದ್ದೆ? ಎಂಆರ್‌ಟಿ ರೈಲಿನಲ್ಲಿ ಜುರಾಂಗ್ ಈಸ್ಟ್ ದಾಟುವಾಗ ಕಂಬಿ ಹಿಡಿದಿದ್ದ ನನ್ನ ಕೈಯನ್ನೇ ನೋಡುತ್ತಿದ್ದೆ. ಆ ದಿನ ಕೈಗವಸು ಬದಲಿಸಿದ್ದೆನೇ? ಬದಲಿಸಿದ್ದೆ. ಜಡೆ ಸರಿಮಾಡಿಕೊಂಡದ್ದು ಅದಕ್ಕೆ ಮುಂಚೆಯೋ, ಆಮೇಲೋ? ನೆನಪಾಗಲಿಲ್ಲ.

ಮರುದಿನ ಸಹೋದ್ಯೋಗಿಯ ಮುಂದೆ ಬಾಯಿ ತೆರೆದೆ. ಕಡ್ಡಿಯನ್ನೂ ಕೊಳವೆಯನ್ನೂ ನಾನು ಮುಟ್ಟಲಿಲ್ಲ. ಆ ಹೆಂಗಸಿನಿಂದ ಹೊಸದಾಗಿ ಮಾದರಿ ತರಿಸಿ ಎಲ್ಲ ಕೆಲಸವನ್ನೂ ನೀವೇ ಮಾಡಿ, ಅಲ್ಲಿಯವರೆಗೆ ನಾನು ಆ ಕೋಣೆಗೆ ಕಾಲಿಡುವುದಿಲ್ಲ ಎಂದು ಮುಖ್ಯಸ್ಥರಿಗೆ ಹೇಳಿದೆ. ಅವರು ಹುಬ್ಬೇರಿಸಿದರು, ಒಪ್ಪಿದರು.

ಕಾಯುತ್ತಿದ್ದ ಆ ದಿನಗಳಲ್ಲಿ ಆಂಟಿ ನನ್ನ ಮುಖ ನೋಡಿ ಪಟ್ಟುಹಿಡಿದು ಕೇಳಿದರು. ಅರ್ಧ ಹೇಳಿದೆ: ಕೆಲಸದ ಮಾತು ಮಾತ್ರ.

“ಅಮ್ಮನ ಕಡೆಯಿಂದ ಮಾತ್ರ ಬರುವುದಾ? ಇದು ನಮ್ಮ ಬಳಿಯೇ ಅಲ್ವಾ! ಈ ಬಿಳಿಯರಿಗೆ ಈಗ ಗೊತ್ತಾಯ್ತಾ ಅದು?” ಎಂದು ಜೋರಾಗಿ ನಕ್ಕರು.

ಫಲಿತಾಂಶ ಬಂತು. ಆ ಹೆಂಗಸಿನ ಎರಡನೆಯ ಮಾದರಿ ಮೊದಲನೆಯದರಂತೆಯೇ ಇತ್ತು, ಅಕ್ಷರಕ್ಕೆ ಅಕ್ಷರ. ನನ್ನದು ಬೇರೆಯೇ. ಮುಖ್ಯಸ್ಥರು ಸಹಿ ಹಾಕಿದ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, ವಿಜ್ಞಾನದಲ್ಲಿ ಎಲ್ಲರನ್ನೂ ಅನುಮಾನಿಸಲೇಬೇಕಾಗುತ್ತದೆ ಎಂದರು. ಎಲ್ಲರನ್ನೂ ಅನುಮಾನಿಸಿದ್ದು ನನಗೆ ಕಂಡಿರಲಿಲ್ಲ.

“ಅವರಿಗೆ ಏನು ಬರೆಯುತ್ತೀರಿ?” ಎಂದಷ್ಟೇ ಕೇಳಿದೆ.

“ಮಾದರಿ ಸರಿಯಾಗಿ ಬರಲಿಲ್ಲ ಅಂತ.”

“ಬಂತಲ್ಲ.”

“ಅವರು ಕೇಳಿದ್ದು ಶಿಲಾಯುಗದ್ದು. ಇದು ಯಾವುದೋ ಹಡಗಿನಲ್ಲಿ ಮೊನ್ನೆ ಮೊನ್ನೆ ಬಂದದ್ದು. ನಮ್ಮ ಅಧ್ಯಯನಕ್ಕೆ ಬೇಡ.” ಅವರ ಲೆಕ್ಕದಲ್ಲಿ ಇನ್ನೂರು ವರ್ಷ ಮೊನ್ನೆಯೇ. ಆ ಕಣಿವೆಗೆ ಕಪ್ಪು ಕೂದಲಿನ ಯಾರೋ ಒಬ್ಬಳು ಹೇಗೆ ಬಂದಳು, ಅವಳನ್ನು ಮರೆಸಿ ಸ್ಪೇನಿನ ನಾವಿಕನನ್ನು ಯಾರು ದಡಕ್ಕೆ ತಂದರು ಎಂಬುದು ಯಾರ ಅಧ್ಯಯನಕ್ಕೂ ಸೇರಲಿಲ್ಲ. ನನ್ನ ಸಾಲನ್ನು ಮಾತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ಆ ಸಂಜೆ ಒಪ್ಪಂದದ ಸುದ್ದಿ ಹೇಳಿದ್ದೇ ಆಂಟಿ ನೀರುದೋಸೆಯ ಕಾವಲಿ ಇಳಿಸಿ ಬಂದರು. “ನಿಂದು ಏನೂ ತಪ್ಪಿಲ್ಲ ಅಂತ ನಂಗೆ ಗೊತ್ತಿತ್ತು, ನಮ್ಮ ಬಳಿಯ ಹುಡುಗಿ ಅಲ್ವಾ. ಈಗೊಂದು ಕೆಲಸ ಮಾಡು. ಆ ಕಡ್ಡಿ ಒಂದು ತಾ, ನಂದೂ ಟೆಸ್ಟ್ ಮಾಡಿಸು. ಎರಡೂ ಒಂದೇ ಬರ್ತದೆ, ನೋಡು. ಆ ಸಾಹೇಬನಿಗೆ ತೋರಿಸುವ,” ಎಂದವರೇ ತಮಾಷೆಗೆ ಬಾಯಿ ಅಗಲಿಸಿ ನಿಂತರು.

“ಕಡ್ಡಿಗಳು ಮುಗಿದಿವೆ ಆಂಟಿ,” ಎಂದೆ.

ಅವರು ಬಾಯಿ ಮುಚ್ಚಿ ನನ್ನನ್ನು ನೋಡಿದರು. “ಮುಗಿಯುವುದಾ? ಅಷ್ಟು ದೊಡ್ಡ ಲ್ಯಾಬಲ್ಲಿ?”

“ಹೊಸದು ಬರಬೇಕು.”

“ಆಯ್ತು. ಬಂದಾಗ ತಾ.”

ತಟ್ಟೆಗೆ ದೋಸೆ ಹಾಕಿ, ಚಟ್ನಿ ಬಡಿಸಿ, ಕಾವಲಿಯ ಕಡೆ ತಿರುಗಿದರು. ಆಮೇಲೆ ಅವರು ಕಡ್ಡಿಯ ಮಾತೆತ್ತಲಿಲ್ಲ. ಚಿಕ್ಕಮ್ಮ ಅನ್ನು ಎಂದು ನನ್ನನ್ನು ತಿದ್ದುವುದನ್ನೂ ಬಿಟ್ಟರು.